ಬ್ಯಾಂಕಿನ ಕೋಡ್ ಬರೆದವರು ಸಕ್ಕರೆ ಕಾರ್ಖಾನೆಗೆ ಹೋದರೆ

ಪ್ರಶ್ನೆ: ಬ್ಯಾಂಕಿಂಗ್ ಸಾಫ್ಟ್‌ವೇರ್‌ನಲ್ಲಿ ಆರು ವರ್ಷ ಜಾವಾ, ಎಸ್‌ಕ್ಯೂಎಲ್ ಕೆಲಸ ಮಾಡಿದ್ದೇನೆ. ಈಗ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡುವ ಕೆಲಸಕ್ಕೆ ಸೇರಬೇಕೆಂದಿದ್ದೇನೆ. ಕಲಿತದ್ದು ಎಷ್ಟು ಉಪಯೋಗಕ್ಕೆ ಬರುತ್ತದೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಗಾಡಿ ತೂಗುವ ವೇಬ್ರಿಡ್ಜ್‌ನಿಂದ ಶುರು ಮಾಡಿ, ಅಲ್ಲಿ ನೀವು ಹೊಸಬರೇ ಅಲ್ಲ. ಕಬ್ಬಿನ ಗಾಡಿಗೆ ತುಂಬಿದಾಗ ಒಂದು ತೂಕ, ಖಾಲಿಯಾದಾಗ ಇನ್ನೊಂದು. ವ್ಯತ್ಯಾಸದ ಮೇಲೆ ರೈತರ ಬಿಲ್ಲು. ನೆಟ್‌ವರ್ಕ್ ಹೋಗಿ ಬಂದಾಗ ಒಂದೇ ಚೀಟಿ ಎರಡು ಸಲ ದಾಖಲಾಗುವುದು, ಖಾತೆಯಿಂದ ಎರಡು ಸಲ ಹಣ ಕಡಿತವಾಗುವ ತೊಂದರೆಯೇ. ಚೀಟಿಯ ಐಡಿ ಸರ್ವರ್‌ನಲ್ಲಲ್ಲ, ತೂಕದ ಕಂಪ್ಯೂಟರ್‌ನಲ್ಲೇ ಹುಟ್ಟಲಿ. ಡೇಟಾಬೇಸ್‌ನಲ್ಲಿ ಅದಕ್ಕೆ ಯೂನಿಕ್ ಕನ್‌ಸ್ಟ್ರೈಂಟ್ (ಒಂದೇ ಐಡಿ ಎರಡು ಸಲ ಸೇರದಂತೆ ತಡೆಯುವ ನಿಯಮ) ಇರಲಿ. ಮೊತ್ತಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಬೇಡ, ನಿಖರವಾಗಿ ಇಡುವ ಡೆಸಿಮಲ್ ಬಳಸಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಆ ಲೆಕ್ಕ ನಿಮಗೆ ನೀರು ಕುಡಿದಷ್ಟು ಸುಲಭ.

ಯಂತ್ರದ ಹತ್ತಿರ ಹೋದಾಗ ಮಾತ್ರ ಒಂದು ಅಭ್ಯಾಸ ಬಿಡಲೇಬೇಕು: ಉತ್ತರ ಬಾರದಿದ್ದರೆ ಸಂದೇಶವನ್ನು ಮತ್ತೆ ಮತ್ತೆ ಕಳಿಸುವುದು. ಬ್ಯಾಂಕಿನಲ್ಲಿ ಕ್ಯೂನಲ್ಲಿ ಉಳಿದದ್ದು ಹತ್ತು ನಿಮಿಷ ತಡವಾಗಿ ಹೋದರೂ ನಡೆದೀತು. ಕಬ್ಬು ಸಾಗಿಸುವ ಕ್ಯಾರಿಯರ್‌ನ ಮೋಟಾರಿಗೆ ‘ಚಾಲೂ ಆಗು’ ಎಂಬ ಹಳೆಯ ಆಜ್ಞೆ ಆಗ ತಲುಪಿದರೆ, ಅಷ್ಟರಲ್ಲಿ ಒಳಗೆ ಕೈ ಹಾಕಿದ ಫಿಟ್ಟರ್‌ನ ಪ್ರಾಣಕ್ಕೇ ಕುತ್ತು. ಪ್ರತಿ ಆಜ್ಞೆಗೂ ಕೆಲವೇ ಸೆಕೆಂಡುಗಳ ಅವಧಿ ಹಾಕಿ. ಮೀರಿದ್ದನ್ನು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್) ತಿರಸ್ಕರಿಸಲಿ. ಎಮರ್ಜೆನ್ಸಿ ಸ್ಟಾಪ್ ಅಂತೂ ನಿಮ್ಮ ಕೋಡ್ ಮೇಲೆ ನಿಂತಿರಲೇಬಾರದು. ಅದನ್ನು ಎನ್‌ಸಿ ಕಾಂಟ್ಯಾಕ್ಟ್‌ನಲ್ಲಿ (ಸದಾ ಕರೆಂಟ್ ಹರಿಯುತ್ತಿದ್ದು, ಒತ್ತಿದಾಗ ಕಡಿಯುವ ಸಂಪರ್ಕ) ಜೋಡಿಸುವುದು ಇದಕ್ಕೇ: ವೈರ್ ತುಂಡಾದರೂ ಯಂತ್ರ ನಿಲ್ಲುತ್ತದೆ.

ಸೆನ್ಸರ್‌ಗಳು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ಕೊಡುತ್ತವೆ. 0–10 ಬಾರ್ ಒತ್ತಡದ ಸೆನ್ಸರ್‌ನಲ್ಲಿ 4 ಮಿಲಿಆಂಪಿಯರ್ ಎಂದರೆ 0 ಬಾರ್, 12 ಎಂದರೆ 5 ಬಾರ್. ಸೊನ್ನೆ ಮಿಲಿಆಂಪಿಯರ್ ಬಂದರೆ ಒತ್ತಡ ಸೊನ್ನೆ ಅಲ್ಲ, ವೈರ್ ಕಿತ್ತಿದೆ ಎಂದರ್ಥ. ನಲ್‌ಗೂ (ಮೌಲ್ಯವೇ ಇಲ್ಲದ್ದು) ಸೊನ್ನೆಗೂ ಇರುವ ಭೇದ ಎಸ್‌ಕ್ಯೂಎಲ್ ಬರೆದವರಿಗೆ ಗೊತ್ತಿರುವುದೇ. ಇಲ್ಲೂ ಅದನ್ನೇ ಪಾಲಿಸಿ.

ಮೊದಲ ವಾರ ಹೆಚ್ಚಿನವರು ಎಡವುವುದು ಮಾಡ್‌ಬಸ್‌ನಲ್ಲಿ, ಅಂದರೆ ಉಪಕರಣಗಳಿಂದ ಅಂಕಿ ಓದುವ ಸಂವಹನ ಪದ್ಧತಿಯಲ್ಲಿ. ಅಂಕಿ ಇಡುವ ಒಂದು ಕೋಶ, ಅಂದರೆ ರಿಜಿಸ್ಟರ್, 16 ಬಿಟ್, ಆದ್ದರಿಂದ 32 ಬಿಟ್ ಫ್ಲೋಟ್‌ಗೆ ಎರಡು ಬೇಕು. ಯಾವುದು ಮೊದಲು ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಕೈಪಿಡಿಯಲ್ಲಿ 40001 ಎಂದಿದ್ದರೆ ಕಳಿಸಬೇಕಾದ ವಿಳಾಸ ಸಾಮಾನ್ಯವಾಗಿ 0. ಅರ್ಥವಿಲ್ಲದ ಸಂಖ್ಯೆ ಬಂದರೆ ಎರಡು ರಿಜಿಸ್ಟರ್ ಅದಲುಬದಲು ಮಾಡಿ, ಉಪಕರಣದ ಪರದೆಯ ಅಂಕಿಯೊಂದಿಗೆ ತಾಳೆ ನೋಡಿ.

ಪ್ರಶ್ನೆ: ಪಿಎಲ್‌ಸಿ ಕೊಳ್ಳದೆ ಕಲಿಯಬಹುದೇ?
– ಓದುಗರೊಬ್ಬರು, ಹೆಬ್ಬಾಳ, ಮೈಸೂರು

ಉತ್ತರ: ಖಂಡಿತ. ಓಪನ್‌ಪಿಎಲ್‌ಸಿ ಸಾಫ್ಟ್‌ವೇರ್ ಉಚಿತ, ಲ್ಯಾಪ್‌ಟಾಪ್‌ನಲ್ಲೂ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಕೋಡ್‌ನಂತೆ ಬರೆಯುವ ಪಿಎಲ್‌ಸಿ ಭಾಷೆ ಸ್ಟ್ರಕ್ಚರ್ಡ್ ಟೆಕ್ಸ್ಟ್, ಸಾಫ್ಟ್‌ವೇರ್ ಬರೆದವರಿಗೆ ಬೇಗ ಒಗ್ಗುತ್ತದೆ. ಆದರೂ ಸರ್ಕ್ಯೂಟ್ ಚಿತ್ರದಂತಿರುವ ಲ್ಯಾಡರ್ ಭಾಷೆ ಬಿಡಬೇಡಿ, ರಾತ್ರಿ ಪಾಳಿಯ ಎಲೆಕ್ಟ್ರೀಷಿಯನ್ ಓದುವುದು ಅದನ್ನೇ. ಪಿಎಲ್‌ಸಿ ಇನ್‌ಪುಟ್ ಓದಿ, ಪ್ರೋಗ್ರಾಂ ನಡೆಸಿ, ಔಟ್‌ಪುಟ್ ಬರೆದು ಮತ್ತೆ ಮೊದಲಿಗೆ ಬರುತ್ತದೆ, ಒಂದು ಸುತ್ತು ಕೆಲವು ಮಿಲಿಸೆಕೆಂಡು. ನಡುವೆ ಕಾಯುವ ಲೂಪ್ ಹಾಕಿದರೆ ಸುತ್ತಿನ ಸಮಯ ಕಾಯುವ ವಾಚ್‌ಡಾಗ್ ಇಡೀ ಪಿಎಲ್‌ಸಿಯನ್ನೇ ನಿಲ್ಲಿಸುತ್ತದೆ. ಕಾಯಬೇಕಾದಲ್ಲಿ ಟಾನ್ (TON) ಟೈಮರ್ ಬಳಸಿ, ಅದು ಸುತ್ತನ್ನು ತಡೆಯದೆ ಸಮಯ ಎಣಿಸುತ್ತದೆ.