ಶಿರಸಿ ಕಡೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟದಲ್ಲಿ ಮನೆ ಕಟ್ಟಬಹುದೇ?

ಕಟ್ಟುವಂತಿಲ್ಲ. ಬೆಟ್ಟ ನಿಮ್ಮ ಅನುಭೋಗದಲ್ಲಿರಬಹುದು, ಮಾಲ್ಕಿ (ಒಡೆತನ) ಮಾತ್ರ ಸರ್ಕಾರದ್ದು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು, ಉರುವಲಿಗಾಗಿ. ಆ ಸೌಲಭ್ಯವನ್ನು ಬೇರೆಯವರಿಗೆ ಮಾರಲೂ ಬರುವುದಿಲ್ಲ. ಅರಣ್ಯ ಭೂಮಿಯಾದ್ದರಿಂದ ಅನ್ಯ ಬಳಕೆಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. ಖಾಸಗಿ ಮನೆಗಾಗಿ ಆ ದಾರಿ ಹಿಡಿಯುವುದು ವ್ಯರ್ಥ.

ನಿಮ್ಮದೇ ಮಾಲ್ಕಿ ಜಮೀನಿದ್ದರೆ ಅಲ್ಲಿ ನೋಡಿ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ, ಹಿಡುವಳಿಯ ಶೇ. 10ರ ಮಿತಿಯಲ್ಲಿ ರೈತ ತನ್ನ ವಾಸಕ್ಕೆ ತೋಟದ ಮನೆ ಕಟ್ಟಿಕೊಳ್ಳಬಹುದು. ವ್ಯವಹಾರಕ್ಕಾದರೆ ಸಾಮಾನ್ಯವಾಗಿ ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಮಾಡಿಸಬೇಕು.

ಒಂದು ಮಾತು ಹೇಳದೆ ಇರಲಾರೆ. ನಮ್ಮ ತೋಟಕ್ಕೆ ಅಬ್ಬಿ (ಗುಡ್ಡದ ಒರತೆ) ನೀರು ಬರುವುದು ಮೇಲಿನ ಬೆಟ್ಟದಿಂದ. ಪಕ್ಕದ ದರೆಯನ್ನು (ಕಡಿದಾದ ಮಣ್ಣಿನ ದಿಬ್ಬವನ್ನು) ಜೆಸಿಬಿ ಕಡಿದ ಮಳೆಗಾಲದಲ್ಲಿ ಕೆಮ್ಮಣ್ಣು ಹರಿದು ಬಂದು ಕಾದಿಗೆಗಳೆಲ್ಲ (ತೋಟದ ನೀರು ಬಸಿದುಹೋಗುವ ಕಾಲುವೆಗಳು) ಹೂತುಹೋದವು. ನಿಂತ ನೀರಿನಲ್ಲಿ ಅಡಿಕೆ ಮರದ ಬುಡ ಕೊಳೆಯಿತು. ದಯವಿಟ್ಟು ಬೆಟ್ಟವನ್ನು ಅದರ ಪಾಡಿಗೆ ಬಿಡಿ.