ಐದಾರು ಸುತ್ತಿಗೇ ಬ್ರೇಕ್ ಸಡಿಲ

ಪ್ರಶ್ನೆ: ನಮ್ಮದು ನಾಲ್ವರ ಹವ್ಯಾಸಿ ತಂಡ. ವಾರಾಂತ್ಯಕ್ಕೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಬೈಕ್ ಒಯ್ಯುತ್ತೇವೆ. ಐದಾರು ಸುತ್ತಾದ ಮೇಲೆ ಮುಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ, ತಣ್ಣಗಾದರೆ ಸರಿಹೋಗುತ್ತದೆ. ಪ್ಯಾಡ್ ಬದಲಿಸಬೇಕೇ?
– ಓದುಗರೊಬ್ಬರು, ತಾಳವಾಡಿ

ಉತ್ತರ: ಮೊದಲು ಬ್ರೇಕ್ ಆಯಿಲ್ ಬದಲಿಸಿ. ಪ್ಯಾಡ್ ಸುಟ್ಟಿದ್ದರೆ ಲಿವರ್ ಗಟ್ಟಿಯಾಗಿಯೇ ಇದ್ದು ಹಿಡಿತ ಮಾತ್ರ ತಪ್ಪುತ್ತದೆ. ನಿಮ್ಮಲ್ಲಿ ಆಯಿಲ್ ಕುದಿಯುತ್ತಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆದರೆ, ತೇವ ಹೀರಿದ್ದು 155ರ ಆಸುಪಾಸಿಗೇ ಕುದಿಯಬಹುದು. ಲಿವರ್ ಒತ್ತಿದಾಗ ಆವಿಯ ಗುಳ್ಳೆ ಕುಗ್ಗುತ್ತದೆ, ಒತ್ತಡ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ಗೆ ಮುಟ್ಟುವುದೇ ಇಲ್ಲ.

ಸೀಲ್ ಒಡೆಯದ ಡಬ್ಬಿಯನ್ನೇ ತನ್ನಿ. ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್‌ಗೆ (ಆಯಿಲ್ ಹೊರಬಿಡುವ ತಿರುಪು) ಪೈಪ್ ಸಿಕ್ಕಿಸಿ. ಲಿವರ್ ಒತ್ತಿ ಹಿಡಿದು ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಆಯಿಲ್ ಬಂದೊಡನೆ ಬಿಗಿದು, ಆಮೇಲಷ್ಟೇ ಲಿವರ್ ಬಿಡಿ. ಬಿಗಿಯುವ ಮೊದಲೇ ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ. ಹೊಸಬರ ಕೆಲಸ ಕೆಡುವುದು ಇಲ್ಲೇ. ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೂ ಇದನ್ನೇ ಮಾಡಿ, ಹ್ಯಾಂಡಲ್ ಮೇಲಿನ ಆಯಿಲ್ ಡಬ್ಬಿ ಬರಿದಾಗಲು ಬಿಡಬೇಡಿ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಡಾಟ್ 4ಕ್ಕೆ ಬೆರೆಸಲೇಬಾರದು.

ಪ್ಯಾಡ್ ತೆಳುವಾಗಿದ್ದರೆ ಶಾಖ ಬೇಗ ಆಯಿಲ್‌ಗೆ ದಾಟುತ್ತದೆ. ಹಾಗಿದ್ದರೆ ಕೊಯಮತ್ತೂರಿಗೆ ಹೋಗುವ ದಾರಿಯಲ್ಲಿ ದಿಂಬಂ ಘಾಟಿಯ 27 ತಿರುವು ಇಳಿಯುವ ಮೊದಲೇ ಬದಲಿಸಿಬಿಡಿ.