ಫ್ಲೋರಿಡಾದಲ್ಲಿ ಚುನಾವಣೆಯ ಹಗರಣಗಳ ನಡುವೆ ಚಂಡಮಾರುತದ ಕಾಲವನ್ನು ಹೇಗೆ ಕಳೆಯುತ್ತೀರಿ?

ನಿಮ್ಮ ಮಗನಿಗೆ ಟ್ಯಾಂಪಾದಲ್ಲಿ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀರಿ. 2024ರ ಅಕ್ಟೋಬರಿನಲ್ಲಿ ಅಲ್ಲಿಂದ ಬಂದ ಸುದ್ದಿಯಲ್ಲಿ ಚಂಡಮಾರುತ ಯಾವುದು, ಚುನಾವಣೆಯ ಜಗಳ ಯಾವುದು ಎಂದೇ ತಿಳಿಯಲಿಲ್ಲ, ಅಲ್ಲಿನ ಜನ ಎರಡನ್ನೂ ಹೇಗೆ ತಾಳಿಕೊಳ್ಳುತ್ತಾರೆ, ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ಕೇಳಿದ್ದೀರಿ. ನಾನಿರುವುದು ಅದೇ ರಾಜ್ಯದ ಈಶಾನ್ಯ ಮೂಲೆಯ ಜಾಕ್ಸನ್‌ವಿಲ್‌ನಲ್ಲಿ. ನಮ್ಮದು ಅಟ್ಲಾಂಟಿಕ್ ಕಡೆ, ಟ್ಯಾಂಪಾ ಮೆಕ್ಸಿಕೊ ಕೊಲ್ಲಿಯ ಕಡೆ. ಆದರೆ ಅಕ್ಟೋಬರ್ ಇಬ್ಬರಿಗೂ ಒಂದೇ.

ಎರಡೂ ಒಟ್ಟಿಗೆ ಬರುವುದು ಕಾಕತಾಳೀಯವಲ್ಲ. ಇಲ್ಲಿ ಚಂಡಮಾರುತದ ಕಾಲ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಬೇಸಿಗೆಯಿಡೀ ಕಾದ ಸಮುದ್ರ ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಅತಿ ಹೆಚ್ಚು ಬಿರುಗಾಳಿಗಳನ್ನು ಎಬ್ಬಿಸುತ್ತದೆ. ಸಾರ್ವತ್ರಿಕ ಚುನಾವಣೆ ನಡೆಯುವುದು ನವೆಂಬರಿನ ಮೊದಲ ಸೋಮವಾರದ ಮರುದಿನ. ಅಂದರೆ ಪ್ರಚಾರ ಕಾವೇರುವ ವಾರಗಳೂ ಕಡಲು ಕಾವೇರುವ ವಾರಗಳೂ ಒಂದೇ. ಇನ್ನೊಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ: ಫ್ಲೋರಿಡಾದಲ್ಲಿ ಮತದಾರರ ನೋಂದಣಿ ಚುನಾವಣೆಗೆ 29 ದಿನ ಮೊದಲೇ ಮುಚ್ಚಿಹೋಗುತ್ತದೆ. ಅದು ಅಕ್ಟೋಬರಿನ ಮೊದಲ ದಿನಗಳಲ್ಲಿ ಬೀಳುತ್ತದೆ.

ಈಗ 2016ರ ಅಕ್ಟೋಬರ್ 7ರ ಬಗ್ಗೆ ಹೇಳುತ್ತೇನೆ. ಜಗತ್ತು ಆ ದಿನವನ್ನು ನೆನೆಯುವುದು ಒಂದು ವಿಡಿಯೊಗಾಗಿ. ಡೊನಾಲ್ಡ್ ಟ್ರಂಪ್ 2005ರಲ್ಲಿ ಹೆಂಗಸರ ಬಗ್ಗೆ ಆಡಿದ್ದ ಹೊಲಸು ಮಾತುಗಳನ್ನು ವಾಷಿಂಗ್ಟನ್ ಪೋಸ್ಟ್ ಅಂದು ಸಂಜೆಯ ಹೊತ್ತಿಗೆ ಹೊರಗೆಡವಿತು. ಅದಾದ ಒಂದು ಗಂಟೆಯೊಳಗೆ ಹಿಲರಿ ಕ್ಲಿಂಟನ್ ಅವರ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಇಮೇಲ್‌ಗಳನ್ನು ಗುಟ್ಟಿನ ದಾಖಲೆಗಳನ್ನು ಬಯಲಿಗೆಳೆಯುವ ಜಾಲತಾಣ ವಿಕಿಲೀಕ್ಸ್ ಹರಿಯಬಿಟ್ಟಿತು. ಇವೆರಡಕ್ಕೂ ಮುಂಚೆ, ಅದೇ ಮಧ್ಯಾಹ್ನ, ಚುನಾವಣೆಯಲ್ಲಿ ಕೈಯಾಡಿಸಲು ರಷ್ಯಾ ಇಮೇಲ್‌ಗಳನ್ನು ಕದ್ದಿದೆ ಎಂದು ಅಮೆರಿಕ ಸರ್ಕಾರ ಅಧಿಕೃತವಾಗಿ ಹೇಳಿತ್ತು. ಮೂರೂ ಸುದ್ದಿಗಳು ಹೊರಬೀಳುತ್ತಿದ್ದಾಗ ಮ್ಯಾಥ್ಯೂ ಚಂಡಮಾರುತ ನಮ್ಮ ತೀರಕ್ಕೆ ಅಂಟಿಕೊಂಡಂತೆ ಉತ್ತರಕ್ಕೆ ಸಾಗುತ್ತಿತ್ತು. ಮೂರು ದಿನ ಮೊದಲು ಅದು ಹೈಟಿಯಲ್ಲಿ 500ಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ನಮ್ಮ ದಕ್ಷಿಣಕ್ಕಿರುವ ಫ್ಲ್ಯಾಗ್ಲರ್ ಬೀಚ್‌ನಲ್ಲಿ ಕಡಲತೀರದ ಹೆದ್ದಾರಿಯನ್ನು ಅಲೆಗಳು ಕಿತ್ತುಹಾಕಿದವು. ಸೇಂಟ್ ಆಗಸ್ಟೀನ್‌ನ ಹಳೆಯ ಬೀದಿಗಳಲ್ಲಿ ನೀರು ಹರಿಯಿತು.

ತೆರವಿನ ಆದೇಶ ಬಂದ ವಲಯದಲ್ಲಿ ನಮ್ಮ ಮನೆಯೂ ಇತ್ತು. ನಾವು ರಾಜ್ಯದ ರಾಜಧಾನಿ ಟಾಲಹಾಸಿಯ ಕನ್ನಡದ ಕುಟುಂಬವೊಂದರ ಮನೆಯಲ್ಲಿದ್ದೆವು. ಟಿವಿಯ ಪರದೆಯ ಅರ್ಧದಲ್ಲಿ ಗಿರಗಿರನೆ ತಿರುಗುವ ನಕ್ಷೆ, ಇನ್ನರ್ಧದಲ್ಲಿ ಆ ವಿಡಿಯೊ. ಸ್ವಲ್ಪ ಹೊತ್ತಿನಲ್ಲಿ ನಕ್ಷೆ ಮೂಲೆಗೆ ಸರಿಯಿತು, ಆಮೇಲೆ ಅಡಿಯಲ್ಲಿ ಓಡುವ ಸಾಲಾಯಿತು. ಆ ಮಾತುಗಳನ್ನು ನಾನು ಚಿಕ್ಕದು ಎನ್ನುತ್ತಿಲ್ಲ. ಹೆಣ್ಣುಮಕ್ಕಳ ತಾಯಿಯಾಗಿ ಅವನ್ನು ಕೇಳಿ ಮೈ ಉರಿದಿತ್ತು, ಇಂದಿಗೂ ಉರಿಯುತ್ತದೆ. ಆದರೆ ನನ್ನ ಸಂಕಟ ಬೇರೆಯೂ ಇತ್ತು. ಆ ವರ್ಷವೇ ನನಗೆ ಇಲ್ಲಿನ ಪೌರತ್ವ ಸಿಕ್ಕಿತ್ತು. ಮನೆ ಬಿಡುವಾಗ ಹೊತ್ತು ತಂದ ಕಾಗದಪತ್ರಗಳ ಚೀಲದಲ್ಲಿ ಮತದಾರರ ನೋಂದಣಿಯ ನಮೂನೆ ಇತ್ತು. ಕೊನೆಯ ದಿನ ಅಕ್ಟೋಬರ್ 11. ಆಗ ಆನ್‌ಲೈನ್ ನೋಂದಣಿ ಇರಲಿಲ್ಲ, ಅದು ಬಂದದ್ದು ಮರುವರ್ಷ. ಕಚೇರಿಗಳು ಮುಚ್ಚಿದ್ದವು, ಅಂಚೆ ನಿಂತಿತ್ತು. ಗಡುವು ವಿಸ್ತರಿಸಿ ಎಂದು ಕೇಳಿದಾಗ ಗವರ್ನರ್ ರಿಕ್ ಸ್ಕಾಟ್ ಒಪ್ಪಲಿಲ್ಲ. ನೋಂದಾಯಿಸಿಕೊಳ್ಳಲು ಜನರಿಗೆ ಸಾಕಷ್ಟು ಸಮಯ ಸಿಕ್ಕಿತ್ತು ಎಂಬುದು ಅವರ ವಾದ. ಅದೇ ಗವರ್ನರ್ ದಿನವೂ ಟಿವಿಯಲ್ಲಿ ನಿಂತು, ತೀರದಲ್ಲಿರುವವರು ಕೂಡಲೇ ಹೊರಡಿ ಎಂದು ನಮ್ಮನ್ನು ಎಬ್ಬಿಸಿದ್ದರು. ಮನೆ ಬಿಡಿ ಎಂದವರೇ, ಮನೆ ಬಿಟ್ಟದ್ದರಿಂದ ತಪ್ಪಿಹೋದ ದಿನಗಳನ್ನು ಕೊಡಲು ಒಪ್ಪದಿದ್ದರೆ ಅದಕ್ಕೆ ಏನೆನ್ನಬೇಕು? ನನ್ನ ಪಾಲಿಗೆ ಆ ವಾರದ ಹಗರಣ ಅದೇ. ಡೆಮಾಕ್ರಟಿಕ್ ಪಕ್ಷ ನ್ಯಾಯಾಲಯಕ್ಕೆ ಹೋಯಿತು. ಫೆಡರಲ್ ನ್ಯಾಯಾಧೀಶ ಮಾರ್ಕ್ ವಾಕರ್ ಗಡುವನ್ನು ಮೊದಲು ಒಂದು ದಿನ, ಬಳಿಕ ಅಕ್ಟೋಬರ್ 18ರವರೆಗೆ ಮುಂದೂಡಿದರು. ಈ ದೇಶದಲ್ಲಿ ನಾನು ಹಾಕಿದ ಮೊದಲ ಮತ ಆ ಆದೇಶದ ಋಣ. ವಿಡಿಯೊ ಬಗ್ಗೆ ಜಗತ್ತೆಲ್ಲ ಮಾತಾಡಿತು. ಈ ಗಡುವಿನ ವಿಷಯವನ್ನು ಊರಿನಲ್ಲಿ ಯಾರಿಗೆ ಹೇಳಿದರೂ ಹೊಸದಾಗಿ ಕೇಳುತ್ತಾರೆ.

ಎರಡು ವರ್ಷ ಬಿಟ್ಟು, 2018ರ ಅಕ್ಟೋಬರ್ 10ರಂದು, ಮೈಕೆಲ್ ಚಂಡಮಾರುತ ಬಂತು. ಗಂಟೆಗೆ 160 ಮೈಲಿ ವೇಗದ ಗಾಳಿ ಫ್ಲೋರಿಡಾದ ವಾಯವ್ಯ ತೀರದಲ್ಲಿರುವ ಮೆಕ್ಸಿಕೊ ಬೀಚ್ ಎಂಬ ಪುಟ್ಟ ಊರನ್ನು ನೆಲಸಮ ಮಾಡಿತು. ಎರಡು ವಾರ ಕಳೆಯುವುದರೊಳಗೆ ರಾಜ್ಯದ ಚರ್ಚೆಯೆಲ್ಲ ಗವರ್ನರ್ ಹುದ್ದೆಯ ಅಭ್ಯರ್ಥಿ, ಟಾಲಹಾಸಿಯ ಮೇಯರ್ ಆಂಡ್ರೂ ಗಿಲಮ್ ನ್ಯೂಯಾರ್ಕಿನಲ್ಲಿ ನೋಡಿದ ನಾಟಕದ ಟಿಕೆಟ್ಟನ್ನು ಯಾರು ಕೊಟ್ಟರು ಎಂಬುದರ ಮೇಲೆ ನಿಂತಿತ್ತು. ಕೊಟ್ಟವನು ವೇಷ ಮರೆಸಿದ ಎಫ್‌ಬಿಐ ಅಧಿಕಾರಿ ಎಂದು ದಾಖಲೆಗಳು ಹೇಳಿದವು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಆ ಹೊತ್ತಿಗೆ ಚಂಡಮಾರುತ ಹೊಡೆದ ಕೌಂಟಿಗಳಲ್ಲಿ, ಅಂದರೆ ಇಲ್ಲಿನ ಜಿಲ್ಲೆಗಳಲ್ಲಿ, ಜನ ಡೇರೆಗಳಲ್ಲಿ ಮಲಗುತ್ತಿದ್ದರು, ಮತಗಟ್ಟೆಗಳ ಚಾವಣಿಯೇ ಹಾರಿಹೋಗಿತ್ತು, ಯಾರು ಎಲ್ಲಿ ಮತ ಹಾಕಬೇಕು ಎಂಬುದಕ್ಕೆ ವಿಶೇಷ ಆದೇಶ ಬೇಕಾಯಿತು. ಆ ಚುನಾವಣೆಯಲ್ಲಿ ಗವರ್ನರ್ ಹುದ್ದೆ ಸುಮಾರು 32,000 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಸೆನೆಟ್ ಸ್ಥಾನದ ಅಂತರ ಕೇವಲ 10,033. ಇಷ್ಟು ಸಣ್ಣ ಅಂತರಗಳಲ್ಲಿ ಒಂದು ಮತಗಟ್ಟೆಯ ಚಾವಣಿಗೂ ಬೆಲೆ ಇದೆ.

ಇದು ಅಮೆರಿಕದವರ ಗುಣ ಎಂದು ಮಾತ್ರ ತಿಳಿಯಬೇಡಿ. ನಾನು ಗೋಕಾಕದವಳು. 2019ರ ಆಗಸ್ಟಿನಲ್ಲಿ ಘಟಪ್ರಭೆ ನಮ್ಮ ಪೇಟೆಗೆ ನುಗ್ಗಿದಾಗ ನಮ್ಮ ಕ್ಷೇತ್ರದ ಶಾಸಕರು ಅನರ್ಹರ ಪಟ್ಟಿಯಲ್ಲಿದ್ದರು, ಬೆಂಗಳೂರಿನಲ್ಲಿ ಮುಖ್ಯಮಂತ್ರಿಯೊಬ್ಬರೇ ಇಡೀ ಸಂಪುಟವಾಗಿದ್ದರು. ಮಂತ್ರಿಗಳು ಪ್ರಮಾಣ ಸ್ವೀಕರಿಸಿದ್ದು ಆಗಸ್ಟ್ 20ಕ್ಕೆ, ನೆರೆ ಇಳಿದ ಮೇಲೆ. ಇಲ್ಲಿ ಕೂತು ತಮ್ಮನಿಗೆ ಫೋನ್ ಮಾಡುತ್ತಿದ್ದೆ. ಕನ್ನಡ ವಾಹಿನಿಗಳಲ್ಲಿ ರೆಸಾರ್ಟಿನ ಹೆಸರುಗಳು ಕೇಳುತ್ತಿದ್ದವು. ನಮ್ಮ ಓಣಿಯ ಹೆಸರಿಗಾಗಿ ನಾನು ಕಾಯುತ್ತಿದ್ದೆ.

ನೀವು ನೋಡಿದ 2024ರ ಕಥೆ ಇವೆಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಆ ಸಲ ಚಂಡಮಾರುತವನ್ನೇ ಹಗರಣ ಮಾಡಿಬಿಟ್ಟರು. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್, ಅಕ್ಟೋಬರ್ 9ರ ರಾತ್ರಿ ಮಿಲ್ಟನ್. ಹೆಲೀನ್‌ನಲ್ಲಿ ನೆಂದು ಹಾಳಾದ ಸೋಫಾ, ಹಾಸಿಗೆಗಳು ಟ್ಯಾಂಪಾ ಕೊಲ್ಲಿಯ ಬೀದಿಗಳಲ್ಲಿ ರಾಶಿ ಬಿದ್ದಿರುವಾಗಲೇ ಮಿಲ್ಟನ್‌ಗಾಗಿ ಊರು ಬಿಡಬೇಕಾಯಿತು. ಆ ನಡುವೆ ಟ್ರಂಪ್, ಪರಿಹಾರದ ಹಣವನ್ನು ವಲಸಿಗರಿಗೆ ಖರ್ಚು ಮಾಡಿದ್ದಾರೆ ಎಂದರು. ಅದು ಸುಳ್ಳು, ವಲಸಿಗರ ವಸತಿಯ ಹಣ ಬೇರೆಯೇ ಖಾತೆಯದು. ತುರ್ತು ಖರ್ಚಿಗೆಂದು ಮೊದಲ ಕಂತಾಗಿ ಕೊಡುತ್ತಿದ್ದ 750 ಡಾಲರನ್ನೇ ಪೂರ್ತಿ ಪರಿಹಾರ ಎಂದು ಹಬ್ಬಿಸಿದರು. ಹವಾಮಾನವನ್ನು 'ಅವರು' ನಿಯಂತ್ರಿಸುತ್ತಾರೆ ಎಂದು ಸಂಸದೆಯೊಬ್ಬರು ಬರೆದರು. ಮಾತಿನಿಂದ ಆದ ಹಾನಿ ನಿಜವಾದದ್ದು. ಉತ್ತರ ಕ್ಯಾರೊಲಿನಾದ ಕೆಲವೆಡೆ ಬೆದರಿಕೆಯ ಕಾರಣ ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆಯಾದ ಫೆಮಾದ ಸಿಬ್ಬಂದಿ ಮನೆಮನೆಗೆ ಹೋಗುವುದನ್ನು ಕೆಲಕಾಲ ನಿಲ್ಲಿಸಿದರು. ಇನ್ನೊಂದು ಕಡೆ, ಫ್ಲೋರಿಡಾದ ಲೇಕ್ ಪ್ಲಾಸಿಡ್‌ನಲ್ಲಿ, ಟ್ರಂಪ್ ಫಲಕ ಹಾಕಿದ ಮನೆಗಳನ್ನು ಬಿಟ್ಟು ಮುಂದೆ ಹೋಗಿ ಎಂದು ಫೆಮಾದ ಮೇಲ್ವಿಚಾರಕಿಯೊಬ್ಬರು ತಂಡಕ್ಕೆ ಹೇಳಿದ್ದು ಹೊರಬಂತು. ಆಕೆಯನ್ನು ಕೆಲಸದಿಂದ ತೆಗೆದರು. ನಾನು ಟ್ರಂಪ್‌ಗೆ ಮತ ಹಾಕಿದವಳಲ್ಲ. ಆದರೂ ಆ ಸುದ್ದಿ ಓದಿ ನನಗೆ ಅತಿ ಹೆಚ್ಚು ಸಿಟ್ಟು ಬಂತು. ಬಾಗಿಲು ತಟ್ಟಬೇಕಾದವರು ಅಂಗಳದ ಫಲಕ ನೋಡಿ ಮುಂದೆ ಹೋದರೆ ಬಿರುಗಾಳಿ ಹೊಡೆದ ಊರಿನಲ್ಲಿ ಸರ್ಕಾರದ ಮೇಲಿನ ನಂಬಿಕೆ ಎಲ್ಲಿ ಉಳಿಯುತ್ತದೆ? ಅಂದಹಾಗೆ, ಆ ವರ್ಷದ ನೋಂದಣಿಯ ಕೊನೆಯ ದಿನ ಅಕ್ಟೋಬರ್ 7, ಟ್ಯಾಂಪಾ ಸುತ್ತಲಿನವರು ಗಂಟುಮೂಟೆ ಕಟ್ಟುತ್ತಿದ್ದ ದಿನ. ಈ ಸಲ ನ್ಯಾಯಾಲಯ ಗಡುವನ್ನು ವಿಸ್ತರಿಸಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಗಾಳಿಗಿಂತ ನೀರಿಗೆ ಹೆದರಿ, ದೊಡ್ಡ ಹಗರಣಕ್ಕಿಂತ ಸಣ್ಣ ಆದೇಶಗಳನ್ನು ಗಮನಿಸಿ. ಹೆಲೀನ್ ಟ್ಯಾಂಪಾದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕಡಲಲ್ಲೇ ಹಾದುಹೋಯಿತು, ಆದರೂ ಅದು ತಳ್ಳಿದ ಸಮುದ್ರದ ನೀರಿಗೆ ತೀರದ ಮನೆಗಳಲ್ಲಿದ್ದ ಜನ ಸತ್ತರು. ಮಗ ಬಾಡಿಗೆಯ ಕರಾರಿಗೆ ಸಹಿ ಹಾಕುವ ಮೊದಲು ಆ ವಿಳಾಸ ಎ, ಬಿ, ಸಿ ಎಂದು ಹೆಸರಿಟ್ಟ ತೆರವು ವಲಯಗಳಲ್ಲಿ ಯಾವುದರಲ್ಲಿದೆ ಎಂದು ಕೌಂಟಿಯ ಜಾಲತಾಣದಲ್ಲಿ ನೋಡಲಿ. ಸಾಮಾನ್ಯ ಮನೆ ವಿಮೆ ನೆರೆಯ ನೀರಿಗೆ ಅನ್ವಯಿಸುವುದಿಲ್ಲ, ಮತ್ತು ಸರ್ಕಾರಿ ಯೋಜನೆಯ ನೆರೆ ವಿಮೆ ಸಾಮಾನ್ಯವಾಗಿ 30 ದಿನಗಳ ನಂತರವೇ ಜಾರಿಗೆ ಬರುತ್ತದೆ. ಬಿರುಗಾಳಿಗೆ ಹೆಸರಿಟ್ಟ ಮೇಲೆ ವಿಮೆ ಮಾಡಿಸಲು ಓಡಿದರೆ ಪ್ರಯೋಜನವಿಲ್ಲ. ಜನರೇಟರನ್ನು ಮನೆಯೊಳಗೆ, ಗ್ಯಾರೇಜಿನೊಳಗೆ ಯಾವತ್ತೂ ಓಡಿಸಬಾರದು. ಗಾಳಿಯಿಂದ ಉಳಿದವರು ಅದರ ಹೊಗೆಯಿಂದ ಸತ್ತಿದ್ದಾರೆ.

ಚುನಾವಣೆಗೆ ಸಂಬಂಧಿಸಿಯೂ ಒಂದು ಎಚ್ಚರಿಕೆ. ಅವನು ವೀಸಾದ ಮೇಲೆ ಬರುತ್ತಿದ್ದರೆ ಅವನಿಗೆ ಮತವಿಲ್ಲ. ವಾಹನ ಪರವಾನಗಿಯ ಕಚೇರಿಯಲ್ಲಿ ಮತದಾರರ ನೋಂದಣಿ ಬೇಕೇ ಎಂದು ಕೇಳುವುದುಂಟು. ತಿಳಿಯದೆ ಹೌದು ಎಂದು ಗುರುತು ಹಾಕಿ, ಪೌರ ಎಂದು ಸಹಿ ಮಾಡಿದರೆ ಗಡೀಪಾರಿನವರೆಗೂ ಹೋಗಬಹುದು. ಖಡಾಖಂಡಿತವಾಗಿ ಬೇಡ ಎನ್ನಲಿ.

ನೀವು ಮಾಡಬಹುದಾದದ್ದೂ ಇದೆ. ರಾಷ್ಟ್ರೀಯ ಚಂಡಮಾರುತ ಕೇಂದ್ರವು ಬಿರುಗಾಳಿ ಎದ್ದಾಗ ನಿಗದಿತ ಹೊತ್ತಿಗೆ ಪ್ರಕಟಣೆ ಕೊಡುತ್ತದೆ. ಭಾರತದ ಸಮಯದಲ್ಲಿ ಅದು ಬೆಳಿಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30 ಮತ್ತು ನಡುರಾತ್ರಿ ದಾಟಿ 2.30. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊಗಳನ್ನು ಬಿಟ್ಟು ಅದನ್ನು ಓದಿ, ಓದಿದ ಮೇಲೆ ಅವನಿಗೆ ಫೋನ್ ಮಾಡಿ. ತೆರವಿನ ಆದೇಶ ಬಂದಿದ್ದೂ ಅವನು ಇನ್ನೂ ಮನೆಯಲ್ಲೇ ಇದ್ದರೆ ಗದರಿಸಿ ಹೊರಡಿಸಿ.